ಚಕ್ರಗಳ ಮೇಲಿನ ಸಂಸಾರದ ಕಿರುಕುಳಗಳು

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬಯಿಗಳನ್ನು ಹಾದು ಸೂರತ್ತಿನತ್ತ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಸೋಮನಾಥ ದ್ವಾರಕೆಗಳ ದರ್ಶನಾಕಾಂಕ್ಷೆಯಿಂದ ಮಂಚ, ಒಲೆ, ನೀರಿನ ತೊಟ್ಟಿಗಳನ್ನೆಲ್ಲ ಒಳಗೊಂಡ ಕ್ಯಾರವಾನಿನಲ್ಲಿ ಹೊರಟ ಕುಟುಂಬಕ್ಕೆ, ಎಂಜಿನ್ನಿಗಿಂತಲೂ ಈ ಗೃಹಸಾಮಗ್ರಿಯೇ ಹೆಚ್ಚು ಕಾಟ ಕೊಡುವುದುಂಟು. ನಿಶ್ಚಲವಾಗಿರಬೇಕಾದ ನಲ್ಲಿ, ತಂತಿ, ಕೀಲುಗಳು ಇಲ್ಲಿ ಹಗಲೆಲ್ಲ ಅಲುಗಾಡುತ್ತಲೇ ಇರುತ್ತವಷ್ಟೆ.

ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳಿಂದ ಹೆಸರಾದ ಕತಾರ್‌ಗಾಮಿನಂಥ ಕಡೆ ತಂಗಿದಾಗ, ವಾಹನದ ಹಿಂಬದಿಯನ್ನೊಮ್ಮೆ ಪರೀಕ್ಷಿಸುವುದು ಲೇಸು. ಬ್ರೇಕು ತುಳಿದೊಡನೆ ಇಂಡಿಕೇಟರೂ ಮಂಕಾಗಿ ಮಿನುಗಿದರೆ ದೋಷವು ಬಹುಶಃ ಬಲ್ಬಿನದಲ್ಲ, ಅರ್ಥಿಂಗ್ ತಂತಿಯದು: ದೀಪದ ಹಿಂದಿನ ಸ್ಕ್ರೂ ಬಿಚ್ಚಿದರೆ ತಾಮ್ರದ ತುದಿಗೆ ಹಸುರು ಕಿಲುಬು ಹಿಡಿದಿರುವುದು ಕಾಣುತ್ತದೆ, ಉಪ್ಪುಕಾಗದದಿಂದ ಉಜ್ಜಿ ಬಿಗಿದರೆ ಸಾಕು, ಹೊಸ ಬಲ್ಬಿನ ಖರ್ಚು ಉಳಿಯಿತು. ನಲ್ಲಿಗಳೆಲ್ಲ ಮುಚ್ಚಿದ್ದರೂ ಪಂಪು ಆಗಾಗ ತಾನಾಗಿ ಗುರುಗುಟ್ಟಿದರೆ ಎಲ್ಲೋ ಪೈಪಿನ ಕೀಲು ಸೋರುತ್ತಿದೆಯೆಂದು ಶಂಕಿಸತಕ್ಕದ್ದು. ಅದಕ್ಕೆ ಬೇಕಾದ ವಾಷರು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಕ್ಕೀತು.

ಗ್ಯಾಸಿನ ವಾಸನೆ ಬಂದರೆ ಮಾತ್ರ ಈ ಹವ್ಯಾಸೀ ಸಾಹಸ ಬೇಡ. ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಆರಿಸಿ, ಬಾಗಿಲು ತೆರೆದು, ಎಲ್ಲರೂ ಹೊರಬಂದು ಬಲ್ಲವರನ್ನು ಕರೆಯಬೇಕು. ಚಕ್ರ ಬದಲಿಸಿದ ಮೇಲೆ ಸುಮಾರು 50 ಕಿಲೋಮೀಟರು ಸಾಗಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡುವುದನ್ನು, ದಾರಿಯ ಉತ್ಸಾಹದಲ್ಲಿ, ನಮ್ಮವರು ಸಾಮಾನ್ಯವಾಗಿ ಮರೆಯುತ್ತಾರೆ.