ಮುಚ್ಚಿರಬೇಕಾದ ನಾಳ ತೆರೆದೇ ಉಳಿದಾಗ

ಉಡುಪಿಯಿಂದ ಹೊರಟ ಬಸ್ಸು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತತೊಡಗಿದರೆ ಕಿವಿ ಕಟ್ಟುತ್ತದೆ. ಎಂಜಲು ನುಂಗಿದರೆ ಅಥವಾ ಆಕಳಿಸಿದರೆ ‘ಟಪ್’ ಎಂದು ಬಿಟ್ಟುಕೊಳ್ಳುತ್ತದೆ. ಆ ಕ್ಷಣಕ್ಕೆ ತೆರೆದು ಮತ್ತೆ ಮುಚ್ಚಿಕೊಂಡದ್ದು ಯೂಸ್ಟೇಶಿಯನ್ ನಾಳ. ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯೂಸ್ಟೇಕಿ 16ನೇ ಶತಮಾನದಲ್ಲಿ ಇದನ್ನು ವಿವರಿಸಿದ. ಅವನ ಹೆಸರೇ ಇದಕ್ಕೆ ನಿಂತಿತು.

ಮೂಗಿನ ಹಿಂಭಾಗವನ್ನು ಕಿವಿತಮಟೆಯ ಒಳಗಿರುವ ಮಧ್ಯಕಿವಿಗೆ ಸೇರಿಸುವ ಈ ನಾಳ ದೊಡ್ಡವರಲ್ಲಿ ಸುಮಾರು 35 ಮಿಲಿಮೀಟರ್ ಉದ್ದವಿರುತ್ತದೆ. ಕಿವಿಯ ಕಡೆಯ ಮೂರನೇ ಒಂದು ಪಾಲು ಎಲುಬಿನೊಳಗಿದೆ. ಉಳಿದದ್ದು ಮೃದ್ವಸ್ಥಿ, ಸ್ನಾಯು ಮತ್ತು ಕೊಬ್ಬಿನಿಂದಾದ ಮೆದು ಭಾಗ. ನುಂಗುವಾಗ ಅಂಗುಳಿನ ಸ್ನಾಯು ಎಳೆದು ಇದನ್ನು ತೆರೆಯುತ್ತದೆ, ಗಾಳಿಯ ಒತ್ತಡ ಸರಿಹೊಂದುತ್ತದೆ. ಉಳಿದ ಹೊತ್ತೆಲ್ಲ ನಾಳ ಮುಚ್ಚಿಯೇ ಇರಬೇಕು. ಹಾಗಿದ್ದರೆ ಮಾತ್ರ ಗಂಟಲಿನ ದನಿ, ಉಸಿರಿನ ಸದ್ದು ನೇರವಾಗಿ ಕಿವಿಗೆ ನುಗ್ಗುವುದಿಲ್ಲ.

ತೆರೆದ ನಾಳದ ಲಕ್ಷಣಗಳು

ಕೆಲವರಲ್ಲಿ ಈ ನಾಳ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಆಗ ತಮ್ಮ ಮಾತು ತಮಗೇ ಖಾಲಿ ಕೊಡದೊಳಗೆ ಬಾಯಿಟ್ಟು ಆಡಿದ ಹಾಗೆ ಮೊಳಗುತ್ತದೆ. ‘ಮೀನು’, ‘ಅಮ್ಮ’ ಎಂಬಂಥ ಅನುನಾಸಿಕ ಅಕ್ಷರಗಳಿರುವ ಮಾತು ಇನ್ನಷ್ಟು ಜೋರು. ಉಸಿರು ಎಳೆದಾಗ, ಬಿಟ್ಟಾಗ ಕಿವಿಯೊಳಗೆ ಸುಯ್ ಎನ್ನುತ್ತದೆ. ಮಲ್ಪೆ ಬಂದರಿನಲ್ಲಿ ಏಲಂ ಕೂಗುವವರು, ಯಕ್ಷಗಾನದ ಭಾಗವತರು, ಮೇಷ್ಟ್ರು, ಟೀಚರು ಹೀಗೆ ದನಿಯನ್ನೇ ನಂಬಿ ಬದುಕುವವರಿಗೆ ಇದು ದೊಡ್ಡ ಹಿಂಸೆ. ಎಷ್ಟು ದನಿಯಲ್ಲಿ ಮಾತಾಡುತ್ತಿದ್ದೇನೆ ಎಂಬ ಅಂದಾಜೇ ತಪ್ಪುತ್ತದೆ.

ಗೊಂದಲ ಹುಟ್ಟುವುದು ಇಲ್ಲೇ. ನಾಳ ತೆರೆದಿದ್ದರೂ ಜನ ಹೇಳುವುದು “ಕಿವಿ ಕಟ್ಟಿದೆ” ಎಂದೇ. ನೆಗಡಿಯಿಂದ ನಾಳ ಮುಚ್ಚಿಹೋದವರೂ ಅದನ್ನೇ ಹೇಳುತ್ತಾರೆ. ದೂರು ಒಂದೇ, ಕಾರಣ ತದ್ವಿರುದ್ಧ. ಎರಡನ್ನೂ ಬೇರ್ಪಡಿಸುವ ಗುರುತುಗಳಿವೆ. ಮುಚ್ಚಿದ ನಾಳದ ತೊಂದರೆ ನೆಗಡಿಯಲ್ಲಿ ಹೆಚ್ಚುತ್ತದೆ. ತೆರೆದ ನಾಳದ ತೊಂದರೆ ನೆಗಡಿಯಾದಾಗ ಕಡಿಮೆಯಾಗುವುದೂ ಉಂಟು. ಮಲಗಿದರೆ ಅಥವಾ ಕುಳಿತು ತಲೆಯನ್ನು ಮೊಣಕಾಲುಗಳ ನಡುವೆ ಬಗ್ಗಿಸಿದರೆ ಅದು ನಿಲ್ಲುತ್ತದೆ. ಸುತ್ತಲಿನ ರಕ್ತನಾಳಗಳು ತುಂಬಿ, ಅಂಗಾಂಶ ಉಬ್ಬಿ, ನಾಳದ ಬಾಯಿ ಮುಚ್ಚಿಕೊಳ್ಳುವುದೇ ಇದಕ್ಕೆ ಕಾರಣ. ಎದ್ದು ಓಡಾಡಿ ಬೆವರಿದರೆ ಮತ್ತೆ ಶುರು.

ಕಾರಣವೇನು?

ನಾಳದ ಪಕ್ಕದ ಕೊಬ್ಬು ಕರಗುವುದು ಮುಖ್ಯ ಕಾರಣಗಳಲ್ಲೊಂದು. ಕಾಯಿಲೆ, ಕಠಿಣ ಪಥ್ಯ ಅಥವಾ ಶಸ್ತ್ರಚಿಕಿತ್ಸೆಯ ನಂತರ ಬೇಗ ತೂಕ ಇಳಿದವರಲ್ಲಿ ಇದು ಕಾಣಿಸುತ್ತದೆ. ಬಸುರಿಯರಲ್ಲೂ ಹಾರ್ಮೋನುಗಳ ಏರುಪೇರಿನಿಂದ ಬರಬಹುದು. ಹೆರಿಗೆಯ ನಂತರ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಗಂಟಲಿನ ಮೇಲ್ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಕೆಲವು ನರ-ಸ್ನಾಯು ರೋಗಗಳಲ್ಲಿಯೂ ಉಂಟು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ತೊಂದರೆ ಹೆಚ್ಚುತ್ತದೆ. ಏಪ್ರಿಲ್-ಮೇ ಸೆಕೆಯಲ್ಲಿ ದಕ್ಕೆಯ ಮೇಲೆ ಗಂಟೆಗಟ್ಟಲೆ ನಿಂತು ಮೀನು ವಿಂಗಡಿಸುವ ಹೆಂಗಸರು, ಬೋಟಿನಲ್ಲಿ ಬಲೆ ಎಳೆಯುವವರು ಇದನ್ನು ನೆನಪಿಡಬೇಕು.

ಮನೆಯಲ್ಲಿ ಮಾಡಬಹುದಾದದ್ದು

ನೀರು, ಗಂಜಿತಿಳಿ, ಮಜ್ಜಿಗೆಯನ್ನು ಹೊತ್ತುಹೊತ್ತಿಗೆ ಕುಡಿಯಿರಿ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇದ್ದವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿ. ತೂಕ ಇಳಿದಿದ್ದರೆ ಸ್ವಲ್ಪ ಮರಳಿ ಪಡೆಯಿರಿ. ಕಾರಣವಿಲ್ಲದೆ ಇಳಿದಿದ್ದರೆ ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್ ಇವುಗಳ ತಪಾಸಣೆ ಆಗಲೇಬೇಕು. ಕಿವಿ ಮೊಳಗತೊಡಗಿದಾಗ ತಲೆ ಬಗ್ಗಿಸಿ ಕೂರಿ, ಇಲ್ಲವೇ ಮಲಗಿ. ಔಷಧದಂಗಡಿಯ ಉಪ್ಪುನೀರಿನ ಹನಿಯನ್ನು ಮೂಗಿಗೆ ಬಿಟ್ಟುಕೊಂಡರೂ ಕೆಲವರಿಗೆ ಹಿತವಾಗುತ್ತದೆ.

ಮಾಡಬಾರದ್ದು ಇನ್ನೂ ಮುಖ್ಯ. ಮೂಗು ಬಿಡಿಸುವ ಹನಿ, ನೆಗಡಿ ಮಾತ್ರೆಗಳು ಅಂಗಾಂಶವನ್ನು ಇನ್ನಷ್ಟು ಕುಗ್ಗಿಸಿ ನಾಳವನ್ನು ಅಗಲಿಸುತ್ತವೆ. ಮೂಗು ಹಿಡಿದು ಗಾಳಿ ಊದುವುದೂ ಬೇಡ. ಕಾಯಿಸಿದ ತೆಂಗಿನೆಣ್ಣೆ ಕಿವಿಗೆ ಬಿಟ್ಟರೆ ತಮಟೆಯ ಹೊರಗೇ ನಿಲ್ಲುತ್ತದೆ, ನಾಳವನ್ನು ತಲುಪುವುದೇ ಇಲ್ಲ. ಮೂಗಿನಿಂದ ಜೋರಾಗಿ ಗಾಳಿ ಎಳೆದುಕೊಂಡರೆ ನಾಳ ಥಟ್ಟನೆ ಮುಚ್ಚಿ ಸಮಾಧಾನ ಸಿಗುತ್ತದೆ. ಆದರೆ ಅದೇ ಚಾಳಿಯಾದರೆ ತಮಟೆ ಒಳಕ್ಕೆ ಎಳೆದುಕೊಂಡು, ವರ್ಷಗಳ ನಂತರ ಎಲುಬು ತಿನ್ನುವ ಕೊಲೆಸ್ಟಿಯಾಟೋಮ ಬೆಳೆಯಬಹುದು.

ವೈದ್ಯರ ಬಳಿ

1864ರಲ್ಲಿ ಜರ್ಮನಿಯ ವೈದ್ಯ ಹರ್ಮನ್ ಶ್ವಾರ್ಟ್ಸ ಉಸಿರಿನೊಡನೆ ಒಳಹೊರಗೆ ಆಡುವ ಕಿವಿತಮಟೆಯನ್ನು ಗುರುತಿಸಿದ. ಇಂದಿಗೂ ಮುಖ್ಯ ಪರೀಕ್ಷೆ ಅದೇ: ಒಂದು ಹೊಳ್ಳೆ ಮುಚ್ಚಿ ಜೋರಾಗಿ ಉಸಿರಾಡಿಸಿ ತಮಟೆಯನ್ನು ನೋಡುವುದು. ತಮಟೆಯ ಚಲನೆ ಅಳೆಯುವ ಟಿಂಪನೋಮೀಟರ್, ಮೂಗಿನ ಎಂಡೋಸ್ಕೋಪ್ ನೆರವಿಗಿವೆ. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ನಮ್ಮ ಹತ್ತಿರವೇ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ.

ಬೋಟಿನವರು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಿಗೆ ಆಸ್ಪತ್ರೆಯ ಕೆಲಸ ಮುಂದೂಡುತ್ತಾರೆ. ಈ ತೊಂದರೆಗೆ ಅದು ಸರಿಹೋಗದು. ವಿಶ್ರಾಂತಿಯಲ್ಲಿ, ಮಳೆಗಾಲದ ನೆಗಡಿಯಲ್ಲಿ ಲಕ್ಷಣ ಅಡಗಿ ಪರೀಕ್ಷೆಯಲ್ಲಿ ಏನೂ ಕಾಣದೇ ಹೋಗಬಹುದು. ಕಿವಿ ಮೊಳಗುತ್ತಿರುವ ದಿನವೇ ಹೋಗಿ. ಮೆಟ್ಟಿಲು ಹತ್ತಿ ಹೋಗಿ, ಕುಳಿತೇ ತೋರಿಸಿ.

ತಲೆಸುತ್ತು ಬಂದರೆ, ಹೆಜ್ಜೆಯ ಅಥವಾ ಕಣ್ಣುಗುಡ್ಡೆ ತಿರುಗುವ ಸದ್ದು ಕೇಳಿದರೆ ಅದನ್ನೂ ಹೇಳಿ. ಒಳಕಿವಿಯ ಎಲುಬಿನಲ್ಲಿ ತೂತಾಗುವ ಬೇರೊಂದು ರೋಗ ಇರಬಹುದು. ಅದನ್ನು 1998ರಲ್ಲಿ ಗುರುತಿಸಲಾಯಿತು. ಅದರಲ್ಲೂ ತನ್ನ ದನಿ ಮೊಳಗುತ್ತದೆ, ಆದರೆ ಉಸಿರಿನ ಸದ್ದು ಸಾಮಾನ್ಯವಾಗಿ ಇರುವುದಿಲ್ಲ.

ಮನೆಮದ್ದಿಗೆ ಬಗ್ಗದವರಿಗೆ ತಮಟೆಯ ಮೇಲೆ ಸಣ್ಣ ತೇಪೆ ಅಂಟಿಸುವುದು, ತಮಟೆಗೆ ಗ್ರೊಮೆಟ್ ಕೊಳವೆ ಕೂರಿಸುವುದು, ನಾಳದ ಬಾಯಿಯ ಸುತ್ತ ಚುಚ್ಚುಮದ್ದಿನಿಂದ ಉಬ್ಬಿಸುವುದು ಇವೆ. ಜಪಾನಿನಲ್ಲಿ ನಾಳಕ್ಕೆ ಸಿಲಿಕೋನಿನ ಬೆಣೆ ಹಾಕುವ ರೂಢಿಯೂ ಇದೆ. ನಾಳ ಹೆಚ್ಚು ಬಿಗಿದರೆ ಮಧ್ಯಕಿವಿಯಲ್ಲಿ ನೀರು ತುಂಬುತ್ತದೆ. ಆದ್ದರಿಂದ ಇವೆಲ್ಲ ಕೊನೆಯ ದಾರಿ. ಹೆಚ್ಚಿನವರಿಗೆ ಕಾರಣ ತಿಳಿದು, ನೀರು ಮತ್ತು ತೂಕ ಸರಿಪಡಿಸಿಕೊಂಡರೆ ಸಾಕಾಗುತ್ತದೆ.

ಈ ತೊಂದರೆ ಹೊರಗಿನವರಿಗೆ ಕಾಣುವುದಿಲ್ಲ, ಕೇಳಿಸುವುದೂ ಇಲ್ಲ. ಹಾಗಾಗಿ ಬಸುರಿಯೋ, ಕಾಯಿಲೆಯಿಂದ ಎದ್ದವರೋ “ನನ್ನ ಉಸಿರು ನನಗೇ ಕೇಳಿಸುತ್ತದೆ” ಎಂದರೆ ಭ್ರಮೆ ಎನ್ನಬೇಡಿ. ಅವರ ಮಾತು ನಂಬಿ, ಮೂಗು ಬಿಡಿಸುವ ಹನಿ ತಂದುಕೊಡುವ ಮೊದಲು ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.