ಸೀಸದ ವಿಷ ಮತ್ತು ದೃಷ್ಟಿನಾಶ

ಹರಿಹರದಿಂದ ಉಕ್ಕಡಗಾತ್ರಿಗೆ ಓಡಾಡುವ ಬಸ್ಸು, ಟ್ರ್ಯಾಕ್ಟರುಗಳ ಬ್ಯಾಟರಿಯಲ್ಲಿರುವುದು ಸೀಸ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವಾಗ ಏಳುವ ಹೊಗೆ ಹಾಗೂ ಧೂಳು ಉಸಿರಿನ ಮೂಲಕ ರಕ್ತವನ್ನು ಸೇರುತ್ತವೆ. ವಿಷ ತೀವ್ರವಾದಾಗ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿ ದೃಷ್ಟಿನರವು ಊದಿಕೊಳ್ಳುವುದುಂಟು. ನರವೇ ಕ್ಷೀಣಿಸಿದ ಮೇಲೆ ಕನ್ನಡಕದಿಂದ ಪ್ರಯೋಜನವಿಲ್ಲ. ಆದ್ದರಿಂದ ಇಂತಹ ಕೆಲಸಗಾರನ ಕಣ್ಣು ಮಂಜಾದರೆ ವೈದ್ಯರಿಗೆ ಆತನ ಕಸುಬನ್ನು ಮೊದಲೇ ತಿಳಿಸಿ, ರಕ್ತದಲ್ಲಿನ ಸೀಸದ ಪ್ರಮಾಣವನ್ನು ಪರೀಕ್ಷಿಸಿಸತಕ್ಕದ್ದು.

1948ರ ಕಾರ್ಖಾನೆಗಳ ಕಾಯ್ದೆಯು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೀಸದ ವಿಷಬಾಧೆಯನ್ನೇ ಮೊದಲು ಹೆಸರಿಸಿತ್ತು. ಬಿಲ್ಲಿಲ್ಲದೆ ಗುಜರಿಗೆ ಹಾಕಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು. ಲೆಕ್ಕಪತ್ರಕ್ಕೂ ಅದು ತೊಡಕೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಹಳೆಯ ಬ್ಯಾಟರಿಯನ್ನು ಬೇರ್ಪಡಿಸಿ ಸಂಗ್ರಾಹಕರಿಗೆ ಅಥವಾ ಮರುಬಳಕೆ ಘಟಕಕ್ಕೆ ಒಪ್ಪಿಸುವುದು ಬಳಕೆದಾರನ ಹೊಣೆ. ಒಪ್ಪಿಸಿದ್ದಕ್ಕೆ ರಸೀದಿ ಪಡೆದಿಡುವುದು ಲೇಸು.