ಹೊಲದಲ್ಲಿ ವಿಡಿಯೋ ತೆಗೆಯುವಾಗ

ಒಂದು ಮುಂಗಾರಿನಲ್ಲಿ ಒಬ್ಬ ರೈತರು ತಮ್ಮ ಮೆಕ್ಕೆಜೋಳದ ಹೊಲದಿಂದ ನನ್ನ ಮೊಬೈಲಿಗೆ ವಿಡಿಯೋ ಕಳಿಸಿದರು. ನೋಡಿದೆ. ಎಲೆ ಕುಣಿಯುತ್ತಿದೆ, ಚಿತ್ರ ಅದುರುತ್ತಿದೆ, ಸೂರ್ಯ ಎದುರಿಗಿದ್ದುದರಿಂದ ಗಿಡವೆಲ್ಲ ಕರ್ರಗೆ. ಅವರು ಏನೋ ಹೇಳುತ್ತಿದ್ದಾರೆ. ಕೇಳುವುದು ಮಾತ್ರ ಗಾಳಿಯ ಭರ್ರೆಂಬ ಸದ್ದು. ಎಲೆಯಲ್ಲಿ ತೂತುಗಳಿದ್ದುವು. ಕಾಂಡಕೊರಕ ಇರಬೇಕು ಅಂತ ಹೇಳಿಬಿಟ್ಟೆ. ತಪ್ಪು ನನ್ನದೇ, ಇನ್ನೊಂದು ಸಲ ತೆಗೆದು ಕಳಿಸಿ ಎನ್ನಬೇಕಾಗಿತ್ತು. ಐದು ದಿನ ಬಿಟ್ಟು ಹೊಲಕ್ಕೆ ಹೋಗಿ ಸುಳಿ ಬಿಡಿಸಿದರೆ ಒಳಗೆ ಫಾಲ್ ಸೈನಿಕ ಹುಳು! ಆಗಲೇ ಬಲಿತುಬಿಟ್ಟಿತ್ತು. ಎಳೆಯ ಹುಳು ಸಾಯುವ ಔಷಧಿಗೆ ಬಲಿತ ಹುಳು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಆ ಐದು ದಿನ ಅವರಿಗೆ ದುಬಾರಿಯಾಯಿತು.

ಈ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಇದರ ತಲೆಯ ಮೇಲೆ ಇಂಗ್ಲಿಷಿನ 'ವೈ' ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಇವೆರಡು ಕಂಡರೆ ಕೂತಲ್ಲೇ ಹೇಳಬಹುದು. ಆದರೆ ಕಾಣಬೇಕಲ್ಲ!

ಮೊದಲು ಬೆಳಕಿನ ಮಾತು. ಸೂರ್ಯ ನಿಮ್ಮ ಬೆನ್ನ ಕಡೆಗಿರಲಿ. ನಿಮ್ಮ ನೆರಳು ಗಿಡದ ಮೇಲೆ ಬಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಡುಹಗಲಲ್ಲಿ ಎಲೆ ಬೆಳ್ಳಗೆ ಹೊಳೆದು ಚುಕ್ಕೆಗಳೆಲ್ಲ ಮುಚ್ಚಿಹೋಗುತ್ತವೆ. ಬೆಳಗಿನ ಹೊತ್ತೇ ಮೇಲು. ಆಗ ಗಾಳಿ ಕಡಿಮೆ. ಹುಳುವೂ ಬಿಸಿಲೇರಿದ ಮೇಲೆ ಸುಳಿಯೊಳಗೆ ಅಡಗುತ್ತದೆ. ಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಮನೆಯವರು ಯಾರಾದರೂ ಕೊಡೆ ಹಿಡಿಯಲಿ. ಬಣ್ಣದ ಕೊಡೆ ಬೇಡಿ. ಕೆಂಪು ಕೊಡೆಯ ಅಡಿಯಲ್ಲಿ ಒಳ್ಳೆ ಎಲೆಯೂ ರೋಗ ಬಂದಂತೆ ಕಾಣುತ್ತದೆ. ಹಳೆಯ ಕರಿಕೊಡೆಯೇ ಸರಿ.

ಇನ್ನು ಗಾಳಿ. ಮಾತು ಹಿಡಿಯುವ ಸಣ್ಣ ತೂತು ಸಾಮಾನ್ಯವಾಗಿ ಮೊಬೈಲಿನ ಕೆಳ ಅಂಚಿನಲ್ಲಿರುತ್ತದೆ. ಅದಕ್ಕೆ ಗಾಳಿ ನೇರ ಬಡಿದರೆ ಭರ್ರೆನ್ನುತ್ತದೆ. ಗಾಳಿಗೆ ಬೆನ್ನು ಕೊಟ್ಟು, ತೂತಿಗೆ ಬೆರಳು ಅಡ್ಡ ಬಾರದಂತೆ ಹಿಡಿಯಿರಿ. ಬಿಸಿಲಿಗೂ ಗಾಳಿಗೂ ಒಟ್ಟಿಗೆ ಬೆನ್ನು ಕೊಡಲಾಗದಿದ್ದರೆ ಬೆಳಕನ್ನೇ ನೋಡಿಕೊಳ್ಳಿ. ಮಾತನ್ನು ಮನೆಗೆ ಬಂದು ಬೇರೆಯಾಗಿ ಕಳಿಸಬಹುದು. ಅಲ್ಲಾಡುವ ಎಲೆಯನ್ನು ಒಬ್ಬರು ಮೆಲ್ಲಗೆ ಹಿಡಿದುಕೊಳ್ಳಲಿ.

ಕೈ ಅದುರದಂತೆ ಎರಡು ಮೊಣಕೈಯನ್ನೂ ಪಕ್ಕೆಗೆ ಒತ್ತಿಕೊಳ್ಳಿ, ಇಲ್ಲವೆ ನೆಲದ ಮೇಲೆ ಕೂತು ಮಂಡಿಯ ಮೇಲೆ ಊರಿಕೊಳ್ಳಿ. ಕ್ಯಾಮೆರಾದ ಗಾಜಿನ ಮೇಲಿನ ಧೂಳು, ಬೆವರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಹುಳುವಿನ ಮೂತಿಗೇ ಮೊಬೈಲು ಹಿಡಿದರೆ ಚಿತ್ರ ಮಸುಕಾಗುತ್ತದೆ. ಒಂದು ಗೇಣು ದೂರ ಹಿಡಿದು, ಪರದೆಯಲ್ಲಿ ಹುಳು ಕಾಣುವ ಕಡೆ ಬೆರಳಿನಿಂದ ಒಮ್ಮೆ ಮುಟ್ಟಿ, ಸ್ಪಷ್ಟವಾಗುವ ತನಕ ತಡೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅದರ ಗಾತ್ರ ನಮಗೆ ತಿಳಿಯುತ್ತದೆ.

ಹೊಲವನ್ನು ಒಮ್ಮೆ ತೋರಿಸಿ, ಆಮೇಲೆ ಒಂದು ಗಿಡ, ಆಮೇಲೆ ಸುಳಿ, ಅದರೊಳಗಿನ ಹಿಕ್ಕೆ, ಕೊನೆಗೆ ಹುಳು. ಎಲ್ಲ ಸೇರಿ ಒಂದು ನಿಮಿಷ ಸಾಕು. ಉದ್ದವಾದರೆ ಹಳ್ಳಿಯ ಸಿಗ್ನಲಿನಲ್ಲಿ ಹೋಗುವುದೇ ಕಷ್ಟ. ಬಿತ್ತಿ ಎಷ್ಟು ದಿನವಾಯಿತು, ಯಾವ ಔಷಧಿ ಹೊಡೆದಿದ್ದೀರಿ, ಇದನ್ನೂ ಹೇಳಿ. ಮೊಬೈಲನ್ನು ಬದುವಿನ ಮೇಲೆ ಬಿಸಿಲಿಗೆ ಬಿಡಬೇಡಿ, ಕಾದು ಕೆಲಸ ನಿಲ್ಲಿಸುತ್ತದೆ. ಔಷಧಿ ಹೊಡೆದ ಕೈಯಲ್ಲಂತೂ ಮುಟ್ಟಲೇಬೇಡಿ. ಸಂಜೆ ಅದೇ ಮೊಬೈಲು ಮಕ್ಕಳ ಕೈಗೆ ಹೋಗುತ್ತದೆ.